ಏಕಾಂತ ಸಮಿತಿ

ನನ್ನ ಗಂಡನಿಗೆ ಒಂದು ಬಿರುಗಾಳಿ ಬೇಕಿತ್ತು. ಅರವತ್ತು ಹತ್ತಿರವಾದ ಗಂಡಸರಿಗೆ ಮಂಡಿಗೆ ಎಣ್ಣೆ ಬೇಕಾಗುತ್ತದೆ, ಊರಿನಲ್ಲಿ ಒಂದು ಸೈಟು ಬೇಕಾಗುತ್ತದೆ. ಇವರಿಗೆ ಬಿರುಗಾಳಿ. ಅದೂ ಸುತ್ತ ಯಾರೂ ಇಲ್ಲದಿರುವಾಗ, ಒಬ್ಬರೇ ನಿಂತು ನೋಡುವಂಥದ್ದು.

ಇವರು ಎಂದರೆ ನಂಜುಂಡಪ್ಪ. ಹೆಸರನ್ನು ಬರೆಯುವುದಕ್ಕೆ ನನಗೇನೂ ತೊಂದರೆಯಿಲ್ಲ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಮದುವೆಯಾದ ಹೊಸದರಲ್ಲಿ ಅತ್ತೆ ಹೇಳಿಕೊಟ್ಟಿದ್ದರು. ನಾನು ಎಂ.ಎಸ್‌ಸಿ. ಮಾಡಿದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೆ ನಂಬದೆ ಪರೀಕ್ಷೆ ಮಾಡಿ ನೋಡುವಷ್ಟು ಗಂಡಂದಿರು ನನ್ನ ಹತ್ತಿರ ಇಲ್ಲವಲ್ಲ. ನಾವಿರುವ ಅರಬ್ಬೀ ನಾಡಿನ ದಮ್ಮಾಮ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಗಂಡನ ಹೆಸರು ಕೇಳಿದರೆ ಇಕಾಮಾ ಎನ್ನುವ ವಾಸದ ಪರವಾನಗಿಯನ್ನು ಮುಂದೆ ತಳ್ಳಿ ಗೋಡೆ ನೋಡುತ್ತೇನೆ. ಅವನು ಓದಿಕೊಳ್ಳುತ್ತಾನೆ.

ಅಬ್ಕೈಕ್‌ನಲ್ಲಿ ಎಣ್ಣೆ ಸಂಸ್ಕರಿಸುವ ಕಡೆ ಇವರು ಎಂಜಿನಿಯರು. ಹಗಲು ಹೊತ್ತು ಒತ್ತಡ, ಉಷ್ಣತೆ, ಕವಾಟ. ಸಂಜೆ ಮಾತ್ರ ಊಟದ ಮೇಜಿನ ಮೇಲೆ ಉದ್ದುದ್ದ ಹಾಳೆ ಹರಡಿಕೊಂಡು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಸಿಂಫನಿ ಬರೆಯುತ್ತಾರೆ. ಇವರ ತಾತ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದವರು. ಮೊಮ್ಮಗನಿಗೆ ಆಸ್ತಿ ಎಂದು ಬಿಟ್ಟುಹೋದದ್ದು ಈ ಒಂದು ಕಾಯಿಲೆಯನ್ನು. ನಮ್ಮ ಮಗಳು ಹುಟ್ಟಿದ ವರ್ಷ ಶುರುಮಾಡಿದ ಸಿಂಫನಿ, ಅವಳ ಮದುವೆಯಾದರೂ ಮುಗಿದಿರಲಿಲ್ಲ.

ಇನ್ನೂರು ವರ್ಷಗಳ ಹಿಂದೆ ಯುರೋಪಿನ ಸಂಗೀತಗಾರರಿಗೆ ಒಂದು ಹುಚ್ಚು ಹಿಡಿಯಿತಂತೆ. ಅರಮನೆ ಬಿಟ್ಟು ಬೆಟ್ಟ ಹತ್ತುವುದು, ಕಡಲ ಗುಹೆಯ ಬಾಯಲ್ಲಿ ನಿಂತು ಅಲೆ ಕೇಳುವುದು, ಗುಡುಗಿಗೆ ಎದೆಯೊಡ್ಡುವುದು. ಆಮೇಲೆ ಮನೆಗೆ ಬಂದು ಅದನ್ನೆಲ್ಲ ಎಂಬತ್ತು ಜನರ ವಾದ್ಯಮೇಳಕ್ಕೆ ಬರೆಯುವುದು. ಕಾಡು ಪ್ರಕೃತಿಯ ಎದುರು ಒಬ್ಬನೇ ನಿಂತ ಮನುಷ್ಯ, ಅದೇ ಆ ಸಂಗೀತದ ತಿರುಳು ಎಂದು ಇವರು ನನಗೆ ವಿವರಿಸಿದ್ದು ಲೆಕ್ಕವಿಲ್ಲ.

"ಬೆಟ್ಟ ಹತ್ತೋವಾಗ ಅವರಿಗೆ ಬುತ್ತಿ ಕಟ್ಟಿಕೊಟ್ಟವರು ಯಾರು ಅಂತ ಪುಸ್ತಕದಲ್ಲಿ ಬರೆದಿದ್ಯಾ?" ಎಂದು ನಾನು ಒಮ್ಮೆ ಕೇಳಿದೆ. ಬರೆದಿರಲಿಲ್ಲ.

ಇವರ ಸಿಂಫನಿಯ ಮೊದಲ ಭಾಗ ಹಿಮಪರ್ವತ. ಅದನ್ನು ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರಿನ ಡಿಸೆಂಬರ್ ಪುಟ ನೋಡಿ ಬರೆದದ್ದು. ಎರಡನೆಯದು ಸಮುದ್ರ, ಹಾಫ್ ಮೂನ್ ಬೇಯಲ್ಲಿ ಕಂಪನಿಯವರ ಪಿಕ್ನಿಕ್‌ಗೆ ಹೋದಾಗ ಹೊಳೆದದ್ದು. ಮೂರನೆಯದು ಕಾಡು. ಬಂಡೀಪುರದ ಸಫಾರಿಯಲ್ಲಿ ನಮಗೆ ಕಂಡದ್ದು ಮುಂದಿನ ಜೀಪಿನ ಧೂಳು ಮಾತ್ರ, ಆದರೂ ಇವರು ಕಹಳೆಗಳನ್ನು ಹುಲಿಯ ಹಾಗೆ ಬರೆದಿದ್ದಾರೆ. ನಾಲ್ಕನೆಯ ಭಾಗ ಮರುಭೂಮಿ. ಇಷ್ಟು ವರ್ಷ ಮರುಭೂಮಿಯಲ್ಲೇ ಸಂಬಳ ತೆಗೆದುಕೊಂಡರೂ ಆ ಭಾಗಕ್ಕೆ ಒಂದು ಸ್ವರವೂ ಹುಟ್ಟಿರಲಿಲ್ಲ.

ಇದು ನಮ್ಮ ಕೊನೆಯ ಚಳಿಗಾಲ. ಮಾರ್ಚ್‌ನಲ್ಲಿ ಕಾಂಟ್ರಾಕ್ಟು ಮುಗಿದು ನಾವು ಗಂಟುಮೂಟೆ ಕಟ್ಟುವವರು. ಆಗಲೇ ಒಂದು ಅದೃಷ್ಟ ಬಾಗಿಲು ತಟ್ಟಿತು. ಹತ್ತಿರದ ಕಾಂಪೌಂಡುಗಳ, ಅಂದರೆ ಗೋಡೆ ಕಟ್ಟಿದ ವಿದೇಶಿಯರ ಬಡಾವಣೆಗಳ, ಹವ್ಯಾಸಿಗಳೆಲ್ಲ ಸೇರಿ ಒಂದು ವಾದ್ಯವೃಂದ ಕಟ್ಟಿಕೊಂಡಿದ್ದರು. ಪಿಟೀಲಿಗೆ ಫಿಲಿಪ್ಪೀನ್ಸಿನ ನರ್ಸುಗಳು, ಓಬೋ ಎನ್ನುವ, ನಮ್ಮ ಶಹನಾಯಿಯ ದೂರದ ನೆಂಟನಂಥ ವಾದ್ಯಕ್ಕೆ ಈಜಿಪ್ಟಿನ ಒಬ್ಬ ಗಣಿತದ ಮೇಷ್ಟರು. ಹಿಂದಿನ ಸಾಲಿನಲ್ಲಿ, ಪಿಟೀಲಿನ ಅಣ್ಣನಂತಿರುವ ವಯೋಲಾ ಹಿಡಿದು ನಮ್ಮವರು. ನಿರ್ದೇಶಕ ಹಾಲೆಂಡಿನ ಒಬ್ಬ ದಂತವೈದ್ಯ. ಅವನು ಕೈಯಲ್ಲಿ ಕೋಲು ಎತ್ತಿದರೆ ಅರ್ಧ ಜನ ಅಭ್ಯಾಸಬಲದಿಂದ ಬಾಯಿ ತೆರೆಯುತ್ತಾರೆ. ಅವನು ಇವರ ಮೂರು ಭಾಗಗಳನ್ನೂ ಓದಿ, ನಾಲ್ಕನೆಯದು ತಿಂಗಳ ಕೊನೆಗೆ ಕೈಸೇರಿದರೆ ಫೆಬ್ರವರಿಯಲ್ಲಿ ನುಡಿಸೋಣ ಎಂದ. ಸೇರದಿದ್ದರೆ ಇಲ್ಲ. ಜೊತೆಗೆ ಒಂದು ಮಾತನ್ನೂ ಹೇಳಿದ.

"ನಿಮ್ಮ ಸಂಗೀತ ಬಹಳ ಸಭ್ಯ, ಮಿಸ್ಟರ್ ಅಪ್ಪ. ನಿಮ್ಮ ಬಿರುಗಾಳಿ ಕೂಡ ಸೇಫ್ಟಿ ಹೆಲ್ಮೆಟ್ ಹಾಕಿಕೊಂಡು ಬರುತ್ತದೆ."

ಆ ಸಂಜೆ ಇವರು ಊಟ ಮಾಡಲಿಲ್ಲ. ನನಗೆ ಆ ಹಲ್ಲು ಕೀಳುವವನ ಮೇಲೆ ಉರಿದುಹೋಯಿತು, ಆದರೆ ಒಳಗೊಳಗೇ ಅವನು ಹೇಳಿದ್ದು ನಿಜ ಎಂದೂ ಗೊತ್ತಿತ್ತು. ಮೈಸೂರಿಗೆ ಹೋದ ಮೇಲೆ ಇದನ್ನು ನುಡಿಸುವವರು ಯಾರು? ಆ ಹಾಳೆಗಳು ಟ್ರಂಕಿನ ತಳ ಸೇರಿದರೆ ಇವರೂ ಅದರ ಜೊತೆಗೇ ಒಳಗೆ ಹೋಗಿಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು.

"ನಾನು ಒಬ್ಬನೇ ಮರುಭೂಮಿಗೆ ಹೋಗಬೇಕು ಕಣೇ," ಎಂದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಬ್ಕೈಕ್ ಸುತ್ತ ಮರಳಿಗೇನೂ ಬರವಿಲ್ಲ, ಆದರೆ ಎಲ್ಲಿ ನಿಂತರೂ ಯಾವುದೋ ಪಂಪಿನ ಸದ್ದು ಕೇಳಿ ಇವರಿಗೆ ಸಂಗೀತ ಹೋಗಿ ಮೇಂಟೆನೆನ್ಸ್ ತಲೆಗೆ ಬರುತ್ತದೆ. ಹಾಗಾಗಿ ಐದು ಗಂಟೆ ದೂರದ ಹಫ್ರ್ ಅಲ್ ಬಾತಿನ್ ಕಡೆಯ ಕೆಂಪು ಮರಳ ದಿಬ್ಬಗಳೆಂದು ತೀರ್ಮಾನವಾಯಿತು. ಚಳಿಗಾಲದಲ್ಲಿ ಅಲ್ಲಿನವರು ಟೆಂಟು ಹಾಕಿಕೊಂಡು ದಿನಗಟ್ಟಲೆ ಇರುತ್ತಾರೆ. ಅಲ್ಲಿ ಟೆಂಟು, ಒಲೆ, ಇದ್ದಿಲು ಬಾಡಿಗೆಗೆ ಕೊಡುವ ವಿಟ್ಲದ ನೌಶಾದ್ ಎಂಬವರ ನಂಬರು ಸಿಕ್ಕಿತು. ಫೋನು ಮಾಡಿದವಳು ನಾನೇ. ಇವರಿಗೆ ಟೆಲಿಫೋನಿನಲ್ಲಿ ಮಾತಾಡುವುದೆಂದರೆ ಆಗದು.

"ಯಾರ ಹೆಸರಿಗೆ ಬರೀಲಿ ಅಕ್ಕ?"

"ನಮ್ಮನೆಯವರಿಗೆ ಕಣ್ರೀ. ನೀರಜಾ ಅಂತ ಬರ್ಕೊಳ್ಳಿ."

ಹೀಗೆ ಇವರ ಹೆಸರು ಯಾರಿಗೂ ತಿಳಿಯದೇ ಕೆಲಸ ಶುರುವಾಯಿತು. ಒಬ್ಬರೇ ಹೋಗಬೇಕೆಂದವರ ಜೊತೆ ನಾನೂ ಹೊರಟೆ. ರೈಸ್ ಕುಕ್ಕರೂ ಬಂತು. ನೀವು ದಿಬ್ಬದ ಮೇಲೆ ಒಂಟಿಯಾಗಿರಿ, ನಾನು ಕೆಳಗೆ ಟೆಂಟಿನಲ್ಲಿ ಇಲ್ಲದವಳ ಹಾಗೆ ಇರುತ್ತೇನೆ ಎಂದು ಮಾತು ಕೊಟ್ಟೆ.

ಮೊದಲನೆಯ ದಿನ ಚೆನ್ನಾಗಿಯೇ ಹೋಯಿತು ಎನ್ನಬೇಕು. ನೌಶಾದ್ ಟೆಂಟು ಹಾಕಿಕೊಟ್ಟರು. ಇವರು ದಿಬ್ಬ ಹತ್ತಿ ಹಾಳೆ ಹಿಡಿದು ಕೂತರು. ನಾನು ಕೆಳಗೆ ಸೌತೆಕಾಯಿ ಹೆಚ್ಚುತ್ತಾ ಕೂತೆ. ಸಂಜೆ ನೀರಿನ ಕ್ಯಾನು ತಂದ ನೌಶಾದ್ ಒಮ್ಮೆ ಮೇಲೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಗಂಡ ಮೇಲೆ ಒಬ್ಬನೇ, ಹೆಂಡತಿ ಕೆಳಗೆ ಒಬ್ಬಳೇ. ಅವರ ಮುಖ ಸಣ್ಣಗಾಯಿತು. ಕ್ಯಾನು ಇಳಿಸಿ ಹೋದರು.

ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಎರಡು ಕಾರು ಬಂದವು. ನೌಶಾದ್ ಹೆಂಡತಿ ನುಸೈಬಾ ನೀರುದೋಸೆಯ ಡಬ್ಬಿ ಹಿಡಿದು ನೇರ ನನ್ನ ಟೆಂಟಿಗೆ ಬಂದು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು.

"ಗಂಡಸರು ಅಂದ್ರೆ ಹಾಗೆಯೇ ಅಕ್ಕ. ನೀವು ಒಂದು ಮಾತು ಸೋತುಬಿಡಿ, ಎಂತ ಹೋಗ್ತದೆ?"

ಅತ್ತ ಹಫ್ರ್‌ನ ಕನ್ನಡ ಸಂಘದ ಅಧ್ಯಕ್ಷರಾದ ಅಬ್ದುಲ್ಲ ಕುಂಞಿ ಎಂಬ ಹಿರಿಯರು ಏದುಸಿರು ಬಿಡುತ್ತಾ ದಿಬ್ಬ ಹತ್ತುತ್ತಿದ್ದರು. ಸಂಸಾರದಲ್ಲಿ ಹೊಂದಿಕೊಂಡು ಹೋಗುವುದು ಹೇಗೆ ಎಂದು ಅವರು ನಮ್ಮವರಿಗೆ ಬಿಸಿಲೇರುವ ತನಕ ಬುದ್ಧಿ ಹೇಳಿದರು. ಸಂಕೋಚಕ್ಕೆ ಇವರು ತಲೆಯಾಡಿಸಿದ್ದೇ ತಪ್ಪಾಯಿತು. ತಪ್ಪೊಪ್ಪಿಕೊಂಡರು ಎಂದು ಕೆಳಗೆ ಸುದ್ದಿ ಬಂತು. ಕರಾವಳಿಯ ಜನ ಊರು ಬಿಟ್ಟು ಎಷ್ಟು ದೂರ ಬಂದರೂ ಒಬ್ಬನೇ ಕೂತ ಮನುಷ್ಯನನ್ನು ಹಾಗೇ ಬಿಟ್ಟು ಹೋಗುವುದಿಲ್ಲ. ಅದು ಅವರ ಗುಣವೂ ಹೌದು, ಎದುರಿನವನ ಗ್ರಹಚಾರವೂ ಹೌದು.

ನಾನು ನೌಶಾದರನ್ನು ಕರೆದು ಎಲ್ಲವನ್ನೂ ಬಿಡಿಸಿ ಹೇಳಿದೆ. ಜಗಳವಿಲ್ಲ, ಏನಿಲ್ಲ, ಇವರು ಸಂಗೀತ ಬರೆಯುವವರು, ಕಾಡು ನೆಲವನ್ನು ನೋಡಿ ಬರೆಯಬೇಕು, ತಿಂಗಳ ಕೊನೆಯೊಳಗೆ ಮುಗಿಯದಿದ್ದರೆ ಇವರ ಇಡೀ ಜನ್ಮದ ಕೆಲಸ ನೀರಿನಲ್ಲಿ ಹೋಮ, ಇದಕ್ಕೆ ಬೇಕಾದದ್ದು ಏಕಾಂತ ಒಂದೇ ಎಂದೆ.

ನೌಶಾದ್ ಗಂಭೀರವಾಗಿ ಕೇಳಿಸಿಕೊಂಡರು. ಕಣ್ಣಲ್ಲಿ ನೀರು ಕೂಡ ಬಂತು.

"ಮೊದಲೇ ಹೇಳ್ಬಾರ್ದಿತ್ತಾ ಅಕ್ಕ? ಏಕಾಂತ ಅಲ್ವಾ, ನಾವು ಮಾಡಿಕೊಡ್ತೇವೆ. ನೀವು ಟೆನ್ಶನ್ ಮಾಡ್ಬೇಡಿ."

ಆ ಮಾತಿಗೆ ನಾನು ಹೆದರಬೇಕಾಗಿತ್ತು. ಊಟದ ಹೊತ್ತಿಗೆ ಏಕಾಂತ ಸಮಿತಿ ರಚನೆಯಾಗಿತ್ತು. ಅಧ್ಯಕ್ಷರು ಅಬ್ದುಲ್ಲ ಕುಂಞಿ, ಸಂಚಾಲಕರು ನೌಶಾದ್. ಹಿಂದಿನ ವರ್ಷದ ಕ್ರೀಡಾಕೂಟದಲ್ಲಿ ಉಳಿದಿದ್ದ ಸ್ವಯಂಸೇವಕರ ಬ್ಯಾಡ್ಜು ಎದೆಗೆ ಚುಚ್ಚಿಕೊಂಡು ಎಂಟು ಜನ ನಮ್ಮವರ ಸುತ್ತ ವೃತ್ತವಾಗಿ ಬೆನ್ನು ತಿರುಗಿಸಿ ನಿಂತರು. ಯಾರೂ ಹತ್ತಿರ ಬಂದು ತೊಂದರೆ ಕೊಡಬಾರದಲ್ಲ! ಇವರು ಎದ್ದು ಹತ್ತು ಹೆಜ್ಜೆ ಎಡಕ್ಕೆ ಹೋದರೆ ವೃತ್ತವೂ ಹತ್ತು ಹೆಜ್ಜೆ ಎಡಕ್ಕೆ ಬಂತು. ಒಬ್ಬ ಕೆಮ್ಮಿದ, ಉಳಿದವರು ಶ್ಶ್ ಎಂದು ಗದರಿದರು. ಮೂತ್ರಕ್ಕೆ ಹೋದಾಗಲೂ ವೃತ್ತ ಗೌರವದಿಂದ ಜೊತೆಗೆ ನಡೆಯಿತು.

ನಿರ್ಜನ ಮರಳಿನಲ್ಲಿ ಎಂಟು ಜನ ಬೆನ್ನು ಮಾಡಿ ಯಾರನ್ನೋ ಕಾಯುತ್ತಿದ್ದರೆ ದಾರಿಹೋಕರು ಸುಮ್ಮನೆ ಹೋಗುತ್ತಾರೆಯೇ? ಮೊದಲು ಒಂಟೆ ಮೇಯಿಸುವ ಮುದುಕರೊಬ್ಬರು ಬಂದರು, ಹಿಂದೆ ಅವರ ಒಂಟೆಗಳು. ಒಳಗಿರುವುದು ಮಂತ್ರಿಯೋ ಎಂದು ಕೇಳಿದರು. ಅದು ಅವರ ಒಂಟೆ ಮೇಯುವ ಜಾಗ, ಅವರನ್ನು ತಡೆಯಲು ಸಮಿತಿಗೆ ಮನಸ್ಸಾಗಲಿಲ್ಲ. ಅವರು ಕಾಫಿಯ ಹೂಜಿ, ಖರ್ಜೂರ ತರಿಸಿ ನಮ್ಮವರ ಎದುರು ಕೂತು, ಪುಟ್ಟ ಬಟ್ಟಲು ಖಾಲಿಯಾದ ಹಾಗೆಲ್ಲ ತುಂಬಿದರು. ಸಾಕು ಎನ್ನಲು ಬಟ್ಟಲನ್ನು ಅಲ್ಲಾಡಿಸಬೇಕು ಎನ್ನುವುದನ್ನು ಇವರು ಇಷ್ಟು ವರ್ಷವಾದರೂ ಕಲಿತಿರಲಿಲ್ಲ. ಆಮೇಲೆ ಎರಡು ಪಾಕಿಸ್ತಾನಿ ಲಾರಿಗಳು ನಿಂತವು. ಸಂಘದ ವಾಟ್ಸಾಪಿನಲ್ಲಿ ಫೋಟೋ ನೋಡಿದವರು ಹೆಂಡತಿ ಮಕ್ಕಳ ಸಮೇತ ಹೊರಟರು. ಸಂಜೆಗೆ ವಾಲಿಬಾಲ್ ನೆಟ್ಟು ಎದ್ದಿತು, ಜನರೇಟರ್ ಬಂತು, ಗೋಳಿಬಜೆಯ ಬಾಣಲೆ ಏರಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

"ಏನ್ರೀ, ಏನಾದ್ರೂ ಹೊಳೀತಾ?" ಎಂದು ಆ ದಿನ ಕತ್ತಲಾಗುವ ಮುಂಚೆ ಕೇಳಿದೆ.

"ಹೊಳೀತು. ನಾನು ಎಣ್ಣೆ ಪೈಪ್ ನೋಡ್ಕೊಂಡಿರೋದೇ ವಾಸಿ ಅಂತ," ಎಂದು ಖಾಲಿ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ನನಗೆ ಅಳು ಬಂತು. ನಗುವೂ ಬಂದದ್ದರಿಂದ ಅಳು ಹೊರಗೆ ಕಾಣಲಿಲ್ಲ.

ಮೂರನೆಯ ದಿನ, ಅಂದರೆ ಕೊನೆಯ ದಿನ, ಇಷ್ಟೊಂದು ಜನ ಸೇರಿದ್ದಾರೆ, ಒಂದು ಸಭಾ ಕಾರ್ಯಕ್ರಮ ಮಾಡದೆ ಕಳಿಸುವುದು ಹೇಗೆ ಎಂದು ಸಮಿತಿಗೆ ಅನ್ನಿಸಿತು. ನಮ್ಮ ಜನರಿಗೆ ಮೈಕು ಮತ್ತು ಶಾಲು ಎರಡೂ ಕೈಗೆ ಸಿಕ್ಕಿದರೆ ಸನ್ಮಾನ ತಪ್ಪಿಸಲು ಯಾರಿಂದಲೂ ಸಾಧ್ಯವಿಲ್ಲ. ಶಾಮಿಯಾನ ಎದ್ದಿತು. 'ಏಕಾಂತ ಸಂಭ್ರಮ' ಎಂದು ಬ್ಯಾನರು ಬಂತು. ಹೆಸರು ಕೇಳಲು ಬಂದ ಅಬ್ದುಲ್ಲ ಕುಂಞಿಯವರಿಗೆ ನಾನು ಚೀಟಿಯಲ್ಲಿ ಬರೆದುಕೊಡೋಣವೆಂದು ಪೆನ್ನು ಹುಡುಕುತ್ತಿದ್ದೆ.

"ಬೇಡ ಬಿಡಿ ಮೇಡಂ. ಮ್ಯೂಸಿಕ್ ಸರ್ ಅಂತ ಹೇಳುವಾ, ಎಲ್ಲರಿಗೂ ಗೊತ್ತುಂಟು," ಎಂದು ಅವರು ಅವಸರದಲ್ಲಿ ಹೋಗಿಬಿಟ್ಟರು.

ಮಧ್ಯಾಹ್ನದ ಮೇಲೆ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಎಲ್ಲ ಆಯಿತು. ನಮ್ಮವರಿಗೆ ಶಾಲು ಹೊದಿಸಿದರು. ಮೈಸೂರಿನವರಿಗೆ ಅರಬ್ಬೀ ಮರಳಿನಲ್ಲಿ ಸಂಘದವರು ಮಂಗಳೂರಿನಿಂದ ಮೊದಲೇ ತರಿಸಿಟ್ಟಿದ್ದ ಮೈಸೂರು ಪೇಟ ತೊಡಿಸಿದರು. 'ಮೌನದ ಬಗ್ಗೆ ಎರಡು ಮಾತು' ಎಂದು ಅಬ್ದುಲ್ಲ ಕುಂಞಿ ಶುರುಮಾಡಿದ ಭಾಷಣ ಚಹಾ ಆರಿದರೂ ನಿಲ್ಲಲಿಲ್ಲ. ಮನುಷ್ಯನಿಗೆ ಏಕಾಂತ ಎಷ್ಟು ಮುಖ್ಯ ಎಂದು ಅವರು ಕೇಳಿದಾಗಲೆಲ್ಲ ಜನ ಚಪ್ಪಾಳೆ ತಟ್ಟಿದರು.

ನಾನು ಒಮ್ಮೆ ತಿರುಗಿ ನೋಡುವಾಗ ವೇದಿಕೆಯ ನಡುವಿನ ಕುರ್ಚಿ ಖಾಲಿಯಿತ್ತು. ಸಮಿತಿಯವರೆಲ್ಲ ಭಾಷಣ ಕೇಳುತ್ತಿದ್ದರಿಂದ ಕಾವಲು ತಪ್ಪಿತ್ತು. ಒಳ್ಳೆಯದಾಯಿತು, ಒಂದು ಗಳಿಗೆಯಾದರೂ ಬೇಕಾದದ್ದು ಸಿಗಲಿ ಎಂದು ನಾನು ಬಾಯಿ ಮುಚ್ಚಿಕೊಂಡು ಕೂತೆ.

ಅಷ್ಟರಲ್ಲಿ ಒಂಟೆಯ ಮುದುಕರು ಎದ್ದು ನಿಂತು ವಾಯುವ್ಯಕ್ಕೆ ಕೈ ತೋರಿಸಿದರು. ಆಕಾಶದ ಅಂಚಿನಲ್ಲಿ ಇಟ್ಟಿಗೆ ಬಣ್ಣದ ಒಂದು ಗೋಡೆ ಎದ್ದಿತ್ತು. ಅದರ ಒಳಗೆ ಮಿಂಚು ಹೊಳೆಯುತ್ತಿತ್ತು, ಸದ್ದು ಮಾತ್ರ ಇನ್ನೂ ಬಂದಿರಲಿಲ್ಲ. ಅಬ್ದುಲ್ಲ ಕುಂಞಿ, ಕೊನೆಯದಾಗಿ ಒಂದು ಮಾತು, ಎಂದರು. ಆ ಮಾತು ಏನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಬ್ಯಾನರು ಕಿತ್ತುಕೊಂಡು ಗಾಳಿ ಬೀಸಿಬಂದ ಇರಾಕಿನ ದಿಕ್ಕು ಬಿಟ್ಟು ಬೇರೆ ಎಲ್ಲ ಕಡೆಗೂ ಹಾರಿತು. ಶಾಮಿಯಾನ ಮೇಲೆದ್ದಿತು. ಕುರ್ಚಿಗಳು ತಾವಾಗಿ ಸಾಲುಬಿಟ್ಟು ಓಡಿದವು. ಹಗಲು ಹೊತ್ತೇ ಕಣ್ಣಿಗೆ ಕಟ್ಟು ಬಿಗಿದ ಹಾಗೆ ಮಬ್ಬು ಕವಿಯಿತು. ಗುಡುಗಿಗೆ ನನ್ನ ಹಲ್ಲುಗಳು ಅದುರಿದವು.

ಕೈಯಳತೆಯಲ್ಲಿದ್ದ ಕಾರೂ ಕಾಣುತ್ತಿರಲಿಲ್ಲ. ನುಸೈಬಾ ನನ್ನ ಸೆರಗು ಹಿಡಿದಿದ್ದರಿಂದ ಅವರು ಇದ್ದಾರೆಂದು ಗೊತ್ತು. ಆ ಗದ್ದಲದ ನಡುವೆ ನೌಶಾದ್ ಗಂಟಲು ಕಿತ್ತುಹೋಗುವ ಹಾಗೆ ಕೂಗುವುದು ಕೇಳಿಸಿತು.

"ಯಾರೂ ಗಾಡಿ ತೆಗೀಬೇಡಿ! ಲೆಕ್ಕ ಆಗದೆ ಒಂದು ಗಾಡಿಯೂ ಹೋಗ್ಲಿಕ್ಕಿಲ್ಲ! ಹೆಸರು ಕರೀತೇನೆ, ಓ ಅನ್ನಿ! ಫಾರೂಕ್!"

"ಓ!"

"ಸುಹೈಬ್!"

"ಓ!"

"ಅಬ್ದುಲ್ಲ ಕುಂಞಿಕ್ಕ!"

"ಇದ್ದೇನೆ! ಮೈಕ್ ಎಲ್ಲಿ?"

ಹೀಗೆ ಒಬ್ಬೊಬ್ಬರ ಹೆಸರೂ ಮರಳಿನೊಳಗೆ ಹೋಗಿ, ಒಂದೊಂದು ಓ ತೆಗೆದುಕೊಂಡು ವಾಪಸು ಬಂತು. ಕೆಲವು ಹತ್ತಿರದಿಂದ, ಕೆಲವು ಎಷ್ಟೋ ದೂರದಿಂದ. ಮಕ್ಕಳ ಸಣ್ಣ ಓ, ಮೂಗು ಕಟ್ಟಿದವರ ದಪ್ಪ ಓ. ಕೊನೆಗೆ ನೌಶಾದ್ ಕೂಗಿದರು.

"ಮ್ಯೂಸಿಕ್ ಸರ್!"

ಯಾರೂ ಓಗೊಡಲಿಲ್ಲ.

"ಮ್ಯೂಸಿಕ್ ಸರ್! ಓ ಮ್ಯೂಸಿಕ್ ಸರ್!"

ಈ ಮನುಷ್ಯ ದಿಬ್ಬಗಳ ಆಚೆಗೆ ನಡೆದುಬಿಟ್ಟಿದ್ದಾರೆ. ದಿಕ್ಕು ತಪ್ಪಿ ಇನ್ನಷ್ಟು ಆಚೆಗೆ ಹೋದರೆ ಮುಗಿಯಿತು. ಏಕಾಂತವೂ ಬೇಡ, ಸಿಂಫನಿಯೂ ಬೇಡ, ನನ್ನ ಮನುಷ್ಯ ನನಗೆ ಸಿಕ್ಕರೆ ಸಾಕಪ್ಪ ದೇವರೇ ಎಂದು ಬಾಯಲ್ಲಿ ತುಂಬಿದ ಮರಳನ್ನು ಉಗಿದು, ಶಕ್ತಿಯೆಲ್ಲ ಬಿಟ್ಟು ಕೂಗಿದೆ.

"ರೀ!"

"ಆಂ, ಬಂದೆ ಕಣೇ!" ಎಂದು ಬಲಗಡೆಯಿಂದ ದಾವಣಗೆರೆಯ ಎಲೆಕ್ಟ್ರಿಷಿಯನ್. "ಇಲ್ಲೇ ಇದೀನಿ, ಹೆದರ್ಕೋಬೇಡ!" ಎಂದು ಹಿಂದಿನಿಂದ ಹಾಸನದ ನರ್ಸ್ ಒಬ್ಬರ ಗಂಡ. ಇನ್ನೊಬ್ಬರು ಯಾರೋ ಬಂದು ನನ್ನ ಭುಜ ಹಿಡಿದು, ಮುಖ ನೋಡಿ, ಸಾರಿ ಮೇಡಂ ಎಂದು ಮತ್ತೆ ಮರಳಿನೊಳಗೆ ಹೋದರು. ಮೂರು ಗಂಡಂದಿರು ಬಂದರು, ನನ್ನವರು ಮಾತ್ರ ಬರಲಿಲ್ಲ.

"ಅಕ್ಕಾ, ಸರ್ ಹೆಸರು ಹೇಳಿ ಕರೀರಿ!" ಎಂದು ನೌಶಾದ್ ಎಲ್ಲಿಂದಲೋ ಕೂಗಿದರು. "ನಮಗೆ ಯಾರಿಗೂ ಗೊತ್ತಿಲ್ಲ!"

ಅಲ್ಲಿದ್ದ ಅಷ್ಟೂ ಜನರಲ್ಲಿ ಆ ಹೆಸರು ಗೊತ್ತಿದ್ದವಳು ನಾನೊಬ್ಬಳೇ. ಹೇಳಬಾರದು ಎಂದು ಕಲಿತವಳೂ ನಾನೊಬ್ಬಳೇ. ಅತ್ತೆಯವರೇ, ಆಯುಸ್ಸು ಕಡಿಮೆಯಾಗುವುದಾದರೆ ನನ್ನದಾಗಲಿ ಎಂದುಕೊಂಡು ಕಣ್ಣು ಮುಚ್ಚಿದೆ.

"ನಂಜುಂಡಪ್ಪಾ!"

ಕೂಗಿದ ಮೇಲೆ ಅದೇನು ಆವೇಶ ಬಂತೋ ಕಾಣೆ. ನಂಜುಂಡಪ್ಪ, ನಂಜುಂಡಪ್ಪ ಎಂದು ಅಂಗಡಿಯ ಹುಡುಗನನ್ನು ಕರೆದ ಹಾಗೆ, ತಪ್ಪಿಸಿಕೊಂಡ ಮಗುವನ್ನು ಕರೆದ ಹಾಗೆ, ಇಷ್ಟು ವರ್ಷ ಹೇಳದೆ ಉಳಿಸಿದ್ದನ್ನೆಲ್ಲ ಒಟ್ಟಿಗೆ ಕೂಗಿದೆ. ಆಮೇಲೆ ಬಹಳ ದೂರದಿಂದ, ಗಾಳಿ ಉಸಿರು ಎಳೆದುಕೊಂಡ ಒಂದು ಸಣ್ಣ ಸಂದಿಯಲ್ಲಿ, ಕೇಳಿಸಿತು.

"ಇಲ್ಲಿದ್ದೀನಿ ಕಣೇ!"

ಕೂಗುತ್ತಲೇ ಇದ್ದೆ. ಧ್ವನಿ ಹಿಡಿದುಕೊಂಡು ಅವರು ಬಂದರು. ಸನ್ಮಾನದ ಶಾಲು ಮುಖಕ್ಕೆ ಸುತ್ತಿತ್ತು, ಪೇಟ ತಲೆಯ ಮೇಲೆ ಒಂಚೂರೂ ಅಲುಗದೆ ಕೂತಿತ್ತು. ಆಗ ಮಳೆ ಬಿತ್ತು. ಗಾಳಿಯಲ್ಲಿದ್ದ ಮರಳೆಲ್ಲ ಕೆಸರಾಗಿ ನಮ್ಮ ಮೇಲೆ ಸುರಿಯಿತು. ನೌಶಾದ್, "ಲೆಕ್ಕ ಸರಿ ಆಯ್ತು, ಯಲ್ಲಾ, ಹೊರಡುವಾ!" ಎಂದರು. ಆಮೇಲೆ ಗಾಡಿಗಳು ಹೊರಟವು.

ಕಾರಿನಲ್ಲಿ ಕಿವಿಯಿಂದ ಮರಳು ತೆಗೆಯುತ್ತಾ ನಾನೇ ಕೇಳಿದೆ.

"ಒಬ್ರೇ ಇದ್ರಲ್ಲ, ಅಷ್ಟು ದೊಡ್ಡ ಬಿರುಗಾಳಿ. ಹೇಗಿತ್ರೀ?"

"ಏನೂ ಇರ್ಲಿಲ್ಲ ನೀರಜಾ. ಬಾಯಿಗೆ ಮರಳು ಹೋಯ್ತು. ಸತ್ತೇ ಹೋದೆ ಅನ್ನಿಸ್ತು."

"ನೌಶಾದ್ ಕರೆದದ್ದು ಕೇಳಿಸ್ಲಿಲ್ವಾ?"

"ಮ್ಯೂಸಿಕ್ ಸರ್ ಅಂತ ಯಾರನ್ನೋ ಕರೀತಿದ್ರು. ನನ್ನನ್ನ ಅಂತ ಅನ್ನಿಸ್ಲೇ ಇಲ್ಲ." ವೈಪರ್ ಹಾಕಿ ಮುಂದುವರಿಸಿದರು. "ಆಮೇಲೆ ಒಂದು ಹೆಂಗಸಿನ ದನಿ ನನ್ನ ಹೆಸರು ಕೂಗ್ತು. ನಿನ್ನ ಬಾಯಲ್ಲಿ ಯಾವತ್ತೂ ಕೇಳಿದ್ದಲ್ಲ ನೋಡು, ನೀನು ಅಂತ ಗುರುತೇ ಸಿಗ್ಲಿಲ್ಲ. ಯಾರಾದ್ರಾಗ್ಲಿ ಅಂತ ಆ ಕಡೆ ನಡೆದೆ."

ಯಾರಾದರಾಗಲಿ ಎಂದದ್ದಕ್ಕೆ ನನಗೆ ಸಿಟ್ಟು ಬಂತು. ದಮ್ಮಾಮ್ ರಸ್ತೆ ಸೇರುವ ತನಕ ಕಿಟಕಿಯ ಆಚೆ ನೋಡಿಕೊಂಡು ಬಂದೆ.

ನಾಲ್ಕನೆಯ ಭಾಗವನ್ನು ಇವರು ನಮ್ಮ ಊಟದ ಮೇಜಿನ ಮೇಲೆ, ಏಸಿ ಹಾಕಿಕೊಂಡು, ನನ್ನ ಕುಕ್ಕರಿನ ಸೀಟಿಗಳ ಮಧ್ಯೆ ಬರೆದು ಮುಗಿಸಿದರು. ತಿಂಗಳ ಕೊನೆಗೆ ಎರಡು ದಿನ ಇನ್ನೂ ಬಾಕಿಯಿತ್ತು. ದಂತವೈದ್ಯ ಹಾಳೆಗಳನ್ನು ತಿರುಗಿಸಿ ನೋಡಿ, ಇದರಲ್ಲಿ ಮರುಭೂಮಿ ಎಲ್ಲಿದೆ, ಇಲ್ಲಿ ಬರೀ ಜನರಿದ್ದಾರಲ್ಲ ಎಂದನಂತೆ.

"ಯಾರೂ ಯಾರಿಗೂ ಕಾಣಿಸ್ತಿಲ್ಲ, ಅದೇ ಮರುಭೂಮಿ," ಎಂದು ಇವರು ಹೇಳಿದರಂತೆ. ಅವನು ಹಣೆ ಉಜ್ಜಿಕೊಂಡು, ಹೆಲ್ಮೆಟ್ ಮಾತ್ರ ಹೋಗಿದೆ ಎಂದು ಒಪ್ಪಿದ.

ಫೆಬ್ರವರಿಯ ಒಂದು ಸಂಜೆ ಕಾಂಪೌಂಡಿನ ಸಭಾಂಗಣದಲ್ಲಿ ಕಚೇರಿ. ಹಫ್ರ್‌ನಿಂದ ಏಕಾಂತ ಸಮಿತಿ ವ್ಯಾನು ಮಾಡಿಕೊಂಡು ಬಂದಿತ್ತು, ಬ್ಯಾಡ್ಜು ಸಮೇತ. ನನ್ನ ಹಿಂದಿನ ಸಾಲಿನಲ್ಲಿ ಕೂತರು. ಬಿಳಿಯರು ಉಸಿರು ಬಿಗಿಹಿಡಿದು ಕೇಳುವ ಕಡೆ ಸಮಿತಿಯವರು ಬಾಳೆಕಾಯಿ ಚಿಪ್ಸ್ ಪೊಟ್ಟಣ ಬಿಚ್ಚಿದರು. ಹಿಮಪರ್ವತ ಬಂತು ಹೋಯಿತು. ಸಮುದ್ರ ಬಂತು ಹೋಯಿತು. ಕಾಡಿನಲ್ಲಿ ಅಬ್ದುಲ್ಲ ಕುಂಞಿ ಒಂಚೂರು ತೂಕಡಿಸಿದರು.

ನಾಲ್ಕನೆಯದರಲ್ಲಿ ಬಿರುಗಾಳಿ ಬಹಳ ಹೊತ್ತು ಇರಲಿಲ್ಲ. ನಗಾರಿಗಳು ಗುಡುಗಿ, ಎಲ್ಲ ಪಿಟೀಲುಗಳೂ ಒಟ್ಟಿಗೆ ಗರಗರ ಎಂದು ಉಜ್ಜಿ, ಮಬ್ಬು ಕವಿದ ಹಾಗೆ ತಗ್ಗಿದವು. ಆಮೇಲೆ ಒಂದು ಕಹಳೆ ಚಿಕ್ಕದಾಗಿ ಕೂಗಿತು. ಎಲ್ಲಿಂದಲೋ ಒಂದು ಕೊಳಲು ಓ ಎಂದಿತು. ಕಹಳೆ ಮತ್ತೆ ಕೂಗಿತು, ಒಂದು ಕ್ಲಾರಿಯೋನೆಟ್ ಓ ಎಂದಿತು. ನನ್ನ ಹಿಂದೆ ಚಿಪ್ಸ್ ತಿನ್ನುವುದು ನಿಂತಿತು.

"ಅಕ್ಕಾ, ಇದು ನಾನು ಅಲ್ವಾ?" ಎಂದು ನೌಶಾದ್ ಪಿಸುಗುಟ್ಟಿದರು. ದಪ್ಪ ತುತ್ತೂರಿಯೊಂದು ಹೊತ್ತಲ್ಲದ ಹೊತ್ತಿನಲ್ಲಿ ಉದ್ದಕ್ಕೆ ಮಾತಾಡಿದಾಗ ಇಡೀ ಸಮಿತಿ ಗೊಳ್ಳೆಂದು ನಕ್ಕಿತು. ತಾವೇ ಎಂದು ಅಬ್ದುಲ್ಲ ಕುಂಞಿಯವರಿಗೆ ಮಾತ್ರ ತಿಳಿಯಲಿಲ್ಲ. ಮುಂದಿನ ಸಾಲಿನ ಬಿಳಿಯರು ತಿರುಗಿ ನೋಡಿದರು, ನೋಡಲಿ.

ಕೊನೆಗೆ ಕಹಳೆ ಯಾರನ್ನೋ ಕರೆಯಿತು, ಉತ್ತರ ಬರಲಿಲ್ಲ. ಮತ್ತೆ ಕರೆಯಿತು. ಬರಲಿಲ್ಲ. ಆಗ ಈಜಿಪ್ಟಿನ ಮೇಷ್ಟರ ಓಬೋ ಎದ್ದಿತು. ಮೊದಲು ಒಂದೇ ಒಂದು ಸ್ವರ. ಅದಕ್ಕೆ ಮೂರು ಬೇರೆ ಬೇರೆ ವಾದ್ಯಗಳು ಅವಸರದಲ್ಲಿ ಬಂದು, ತಪ್ಪಾಯಿತೆಂದು ಹಿಂದೆ ಸರಿದವು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಎಲ್ಲ ವಾದ್ಯಗಳೂ ಸುಮ್ಮನಾದವು. ಓಬೋ ನಾಲ್ಕು ಸ್ವರ ಕರೆಯಿತು. ಆ ನಾಲ್ಕು ಸ್ವರ ಯಾರ ಹೆಸರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ನನ್ನ ಹಿಂದಿನ ಸಾಲಿಗಂತೂ ಬೇಡವೇ ಬೇಡ.

ಇನ್ನು ಉತ್ತರ ಬರಬೇಕು. ಅದನ್ನು ಇವರು ತಮ್ಮ ವಯೋಲಾಕ್ಕೇ ಬರೆದುಕೊಂಡಿದ್ದರು, ಮನೆಯಲ್ಲಿ ಅಭ್ಯಾಸ ಮಾಡುವಾಗ ಎಷ್ಟೋ ಸಲ ಕೇಳಿದ್ದೇನೆ. ದಂತವೈದ್ಯ ಕೋಲನ್ನು ವಾದ್ಯವೃಂದದ ಹಿಂದಿನ ಸಾಲಿನ ಕಡೆ ಚಾಚಿದ. ಉತ್ತರ ಬರಲಿಲ್ಲ. ನೋಡಿದರೆ ಈ ಮನುಷ್ಯ ಕಮಾನನ್ನು ಗಾಳಿಯಲ್ಲಿ ಹಿಡಿದು, ಬಾಯಿ ಸ್ವಲ್ಪ ತೆರೆದು, ತಾವೇ ಬರೆದದ್ದನ್ನು ಕೇಳುತ್ತಾ ಕೂತುಬಿಟ್ಟಿದ್ದಾರೆ. ಅಭ್ಯಾಸದಲ್ಲಿ ತುಣುಕು ತುಣುಕಾಗಿ ಕೇಳಿದ್ದನ್ನು ಜೀವಮಾನದಲ್ಲಿ ಮೊದಲ ಸಲ ಇಡಿಯಾಗಿ ಕೇಳುತ್ತಿದ್ದಾರೆ, ನುಡಿಸಬೇಕು ಎನ್ನುವುದೇ ಮರೆತುಹೋಗಿದೆ. ಓಬೋ ಮೇಷ್ಟರು ಕಂಗಾಲಾಗಿ ಇನ್ನೊಮ್ಮೆ ಆ ನಾಲ್ಕು ಸ್ವರ ಊದಿದರು. ಕೋಲು ಚಾಚಿದ್ದು ಚಾಚಿದಂತೆಯೇ ಇತ್ತು. ಇನ್ನು ಒಂದು ಗಳಿಗೆ ಹೀಗೇ ಹೋದರೆ ಜನ ಮುಗಿಯಿತೆಂದು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಮಗಳ ವಯಸ್ಸಿನ ಆ ಸಿಂಫನಿ ಕೊನೆಯ ಸ್ವರವಿಲ್ಲದೆ ಉಳಿದುಹೋಗುತ್ತದೆ.

ನಾನು ಎದ್ದು ನಿಂತೆ.

"ನಂಜುಂಡಪ್ಪಾ!"

ಸಭಾಂಗಣ ಮರಳಿನ ದಿಬ್ಬಕ್ಕಿಂತ ಚಿಕ್ಕದು. ಹೆಸರು ಗೋಡೆಗಳಿಗೆಲ್ಲ ಬಡಿದು ಅವರನ್ನು ತಲುಪಿತು. ಇವರು ಬೆಚ್ಚಿ ತಲೆಯೆತ್ತಿದರು. ಈ ಸಲ ಯಾರೆಂದು ಗುರುತು ಸಿಕ್ಕಿತು, ನನ್ನನ್ನೇ ನೋಡಿದರು. ಕಮಾನು ಇಳಿಯಿತು. ಹಿಂದಿನ ಸಾಲಿನ ಮೂಲೆಯಿಂದ ವಯೋಲಾ, ಒಂಚೂರು ನಡುಗಿಕೊಂಡು, ಇಲ್ಲಿದ್ದೀನಿ ಕಣೇ ಎಂದಿತು.

ಬಿಳಿಯರು ಚಪ್ಪಾಳೆ ತಟ್ಟುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನ್ನ ಹಿಂದೆ ನೌಶಾದ್ ದೊಡ್ಡದಾಗಿ ಉಸಿರು ಬಿಟ್ಟರು.

"ಕೂತ್ಕೊಳ್ಳಿ ಅಕ್ಕ," ಎಂದರು. "ಲೆಕ್ಕ ಸರಿ ಆಯ್ತು."